ಸಲೀಸಿಗೂ ಸುರಕ್ಷತೆಗೂ ನಡುವಿನ ಹದ

ಸಾಮಾಜಿಕ ಜಾಲತಾಣಗಳಲ್ಲಿ ಬಳಕೆಯ ಸಲೀಸು ಮತ್ತು ಮಾಹಿತಿಯ ಸುರಕ್ಷತೆ ಒಂದನ್ನೊಂದು ಜಗ್ಗುತ್ತವೆ. ಒತ್ತಬೇಕಾದ ಗುಂಡಿಗಳು ಕಡಿಮೆಯಾದಷ್ಟೂ ಬಳಸುವವರು ಹೆಚ್ಚುತ್ತಾರೆ. ಆದರೆ ಅದೇ ಸಲೀಸು ಸುಳ್ಳಿಗೂ ವಂಚಕರಿಗೂ ದಾರಿಯಾಗುತ್ತದೆ. ಕರ್ನಾಟಕ ಈ ಪಾಠಕ್ಕೆ ಜೀವದ ಬೆಲೆ ತೆತ್ತಿದೆ.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಹಂದಿಕೇರಾದಲ್ಲಿ ಕಾರಿನಲ್ಲಿ ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಗುಮಾನಿ ಎದ್ದಿತು. ಅವರು ಅಲ್ಲಿಂದ ಹೊರಟರೂ, ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮೊದಲೇ ಮುರ್ಕಿ ಗ್ರಾಮ ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು.

ವಾಟ್ಸ್‌ಆ್ಯಪ್ ಸಂದೇಶ 2016ರಿಂದ ಕಳಿಸುವವರ ಫೋನಿನಲ್ಲೇ ಗೂಢಲಿಪಿಯಾಗಿ, ಪಡೆಯುವವರ ಫೋನಿನಲ್ಲಷ್ಟೇ ಬಿಚ್ಚಿಕೊಳ್ಳುತ್ತದೆ. ನಡುವೆ ಕಂಪನಿಯೂ ಅದನ್ನು ಓದಲಾರದು. ಹಾಗಾಗಿ ಸುಳ್ಳನ್ನು ಓದಿ ತಡೆಯುವ ದಾರಿ ಇರಲಿಲ್ಲ. ಅದು ಹರಡುವ ವೇಗಕ್ಕೆ ಕಡಿವಾಣ ಹಾಕುವುದೊಂದೇ ಉಳಿದಿತ್ತು. ಅದೇ ಜುಲೈನಲ್ಲಿ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡಬಹುದೆಂಬ ಮಿತಿ ತಂದಿತು; ಚಿತ್ರ, ವಿಡಿಯೊಗಳ ಪಕ್ಕದಲ್ಲಿದ್ದ ಫಾರ್ವರ್ಡ್ ಗುಂಡಿಯನ್ನೇ ತೆಗೆಯಿತು. 2019ರ ಜನವರಿಯಲ್ಲಿ ಈ ಮಿತಿ ಜಗತ್ತಿಗೆಲ್ಲ ಬಂತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಎಷ್ಟು ಕೈ ದಾಟಿದೆ ಎಂಬ ಲೆಕ್ಕ ಸಂದೇಶದ ಜೊತೆಗೇ ಗೂಢಲಿಪಿಯಲ್ಲಿ ಸಾಗುತ್ತದೆ. ಅದನ್ನು ಎಣಿಸುವುದು ಫೋನಿನೊಳಗಿನ ಆ್ಯಪ್. ಕಂಪನಿಗೆ ಅದು ಕಾಣದು. ಇಂಥ ಸಂದೇಶಗಳ ಹರಿದಾಟ ಶೇ 70ರಷ್ಟು ಇಳಿಯಿತೆಂದು ಕಂಪನಿ ಹೇಳಿತು. ಗೋಪ್ಯತೆಗೆ ಧಕ್ಕೆಯಿಲ್ಲ, ಕಳೆದುಕೊಂಡದ್ದು ಕೊಂಚ ಸಲೀಸು ಮಾತ್ರ. ಇದು ಮೊದಲೇ ಇದ್ದಿದ್ದರೆ ಎಂಬ ಸಂಕಟ ಉಳಿದೇ ಇದೆ.

ಸುರಕ್ಷತೆ ತೊಡಕಾದರೆ ಜನ ಅದನ್ನು ಬಳಸುವುದೇ ಇಲ್ಲ. 1999ರಲ್ಲಿ ಆಲ್ಮಾ ವಿಟನ್ ಮತ್ತು ಡಗ್ ಟೈಗರ್ ಅಮೆರಿಕದಲ್ಲಿ 12 ಮಂದಿಗೆ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶ ಕೊಟ್ಟು, ಅದರಲ್ಲಿ ಇಮೇಲ್ ಕಳಿಸಲು 90 ನಿಮಿಷ ಬಿಟ್ಟರು. ಸರಿಯಾಗಿ ಕಳಿಸಿದವರು ಮೂರರಲ್ಲಿ ಒಂದು ಪಾಲು ಮಾತ್ರ. ತಂತ್ರಾಂಶದ ಗಣಿತ ಗಟ್ಟಿಯಾಗಿತ್ತು, ಪರದೆಯ ವಿನ್ಯಾಸ ಸೋತಿತ್ತು. ವಾಟ್ಸ್‌ಆ್ಯಪ್ ಗೂಢಲಿಪಿಯನ್ನು ಕೋಟ್ಯಂತರ ಜನ ಬಳಸುವುದಕ್ಕೆ ಕಾರಣ, ಅದಕ್ಕಾಗಿ ಅವರು ಏನನ್ನೂ ಒತ್ತಬೇಕಿಲ್ಲ.

ವಾಟ್ಸ್‌ಆ್ಯಪ್ ಖಾತೆಯ ರಕ್ಷಣೆಯಲ್ಲಿ ಇದೇ ವಿವೇಕ ಕಾಣುವುದಿಲ್ಲ. ಎಸ್ಸೆಮ್ಮೆಸ್‌ನಲ್ಲಿ ಬರುವ 6 ಅಂಕಿಗಳ ನೋಂದಣಿ ಸಂಖ್ಯೆಯನ್ನು ವಂಚಕರು ನಯವಾಗಿ ಕೇಳಿ ಪಡೆದರೆ ಖಾತೆ ಅವರ ಪಾಲಾಗಬಹುದು. ಇದನ್ನು ತಡೆಯುವ ಎರಡು ಹಂತದ ಪಿನ್ 2017ರಿಂದ ಇದ್ದರೂ, ಅದನ್ನು ಬಳಕೆದಾರರೇ ಹುಡುಕಿ ಹಾಕಿಕೊಳ್ಳಬೇಕು. ಹಾವೇರಿ ಜಿಲ್ಲೆಯ ಆಡೂರಿನಂಥ ಊರಿನ ರೈತರಿಗೆ ಆ ಹೊಣೆ ಹೊರಿಸುವುದು ನ್ಯಾಯವಲ್ಲ. ಅವರಿಗೆ ಇನ್ನೊಂದು ಬಲೆಯೂ ಇದೆ: ಪಿಎಂ ಕಿಸಾನ್ ಹೆಸರಿನ ನಕಲಿ ಎಪಿಕೆ (ಆ್ಯಪ್ ಅಳವಡಿಸುವ) ಕಡತಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ತೆರೆದೊಡನೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತವೆ; ಸಿಕ್ಕರೆ ಬ್ಯಾಂಕಿನ ಒಟಿಪಿ ವಂಚಕರಿಗೆ ಹೋಗುತ್ತದೆ. ಅನುಮತಿಯ ಎಚ್ಚರಿಕೆ ಪರದೆಯ ಮೇಲೆ ಬಂದರೂ, ದಿನವೂ ಅಂಥದ್ದನ್ನು ಕಂಡು ಪಳಗಿದ ಬೆರಳು ಓದದೆ ಒತ್ತಿಬಿಡುತ್ತದೆ.

ಪಿನ್ ಹಾಕಿಕೊಳ್ಳುವ ಜಾಗ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಖಾತೆ ವಿಭಾಗದಲ್ಲಿದೆ. ಮನೆಯ ಹಿರಿಯರ ಫೋನಿನಲ್ಲೂ ಇಂದೇ ಹಾಕಿಕೊಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.