ವೈರಾಣುವಿಗೆ ನೆರವಾಗುವ ನಮ್ಮದೇ ಕಿಣ್ವ

ಮಾನವನ ಶ್ವಾಸಮಾರ್ಗದ ಜೀವಕೋಶಗಳ ಹೊರಪೊರೆಯಲ್ಲಿ ಟಿ.ಎಂ.ಪಿ.ಆರ್.ಎಸ್.ಎಸ್.2 ಎಂಬ ಕಿಣ್ವವೊಂದಿದೆ. ಸಸಾರಜನಕಗಳನ್ನು ನಿರ್ದಿಷ್ಟ ಸ್ಥಾನದಲ್ಲಿ ಕತ್ತರಿಸುವುದು ಇದರ ಕಾರ್ಯ. ಇನ್‌ಫ್ಲುಯೆಂಜಾ, ಕೊರೋನಾ ವೈರಾಣುಗಳ ಮೈಮೇಲಿನ ಮುಳ್ಳುಗಳು ಶರ್ಕರಗಳನ್ನು ಹೊತ್ತ ಸಸಾರಜನಕಗಳೇ ಆಗಿವೆ. ಈ ಶರ್ಕರದ ಹೊದಿಕೆಯು ಅವನ್ನು ನಮ್ಮ ಪ್ರತಿಕಾಯಗಳಿಂದ ಬಹುಮಟ್ಟಿಗೆ ಮರೆಮಾಡುತ್ತದೆ. ಆದರೆ ಮುಳ್ಳನ್ನು ಸೀಳದ ಹೊರತು ವೈರಾಣುವಿನ ಪೊರೆಯು ಜೀವಕೋಶದ ಪೊರೆಯೊಡನೆ ಬೆಸೆಯಲಾರದು. ಅದಕ್ಕೆ ಬೇಕಾದ ಕತ್ತರಿ ವೈರಾಣುವಿನಲ್ಲಿಲ್ಲ; ನಮ್ಮದನ್ನೇ ಅದು ಬಳಸಿಕೊಳ್ಳುತ್ತದೆ.

2020ರಲ್ಲಿ ಜರ್ಮನಿಯ ವಿಜ್ಞಾನಿಗಳು ಕೋವಿಡ್ ವೈರಾಣುವಿನ ವಿಷಯದಲ್ಲಿ ಇದನ್ನು ತೋರಿಸಿಕೊಟ್ಟರು. ಕಿಣ್ವವನ್ನು ತಡೆಯುವ ಕ್ಯಾಮೊಸ್ಟಾಟ್ ಔಷಧವು ಪ್ರಯೋಗಾಲಯದ ಕೋಶಗಳಲ್ಲಿ ಸೋಂಕನ್ನು ಕುಗ್ಗಿಸಿತು. ರೋಗಿಗಳಲ್ಲಿ ಮಾತ್ರ ನಿರೀಕ್ಷಿತ ಫಲ ದೊರೆಯಲಿಲ್ಲ. ಕೋಶದೊಳಗಿನ ಕ್ಯಾಥೆಪ್ಸಿನ್ ಕಿಣ್ವವೂ ಆ ಮುಳ್ಳನ್ನು ಸೀಳಬಲ್ಲದು. ಆದುದರಿಂದ ಎರಡು ಮಾರ್ಗಗಳನ್ನೂ ಏಕಕಾಲದಲ್ಲಿ ತಡೆಯುವ ಔಷಧಗಳ ಶೋಧ ನಡೆದಿದೆ.