ಒಲೆ ಕೊಳ್ಳುವ ಮುನ್ನ ಒಲೆ ಬಲ್ಲವರನ್ನು ಕೇಳಿ

ಎತ್ತು ಕೊಳ್ಳುವಾಗ ನಾವು ಏನೇನು ಮಾಡುತ್ತೇವೆ? ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಎತ್ತಿನ ಗುಣ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡೇ ಜಾತ್ರೆಗೆ ಹೋಗುತ್ತೇವೆ. ಆದರೆ ಸೌದೆ ಒಲೆಯ ಮಾತು ಬಂದಾಗ ಮಾತ್ರ ಸಂತೆಯಲ್ಲಿ ಕಣ್ಣಿಗೆ ಹೊಳೆದದ್ದನ್ನು ಹೊತ್ತು ತಂದುಬಿಡುತ್ತೇವೆ. ಎತ್ತು ವರ್ಷದಲ್ಲಿ ಕೆಲವು ತಿಂಗಳು ದುಡಿಯುತ್ತದೆ. ಒಲೆಯಾದರೋ ದಿನಕ್ಕೆರಡು ಹೊತ್ತು, ವರ್ಷವೆಲ್ಲ ಉರಿಯಬೇಕು. ಅದರ ಮುಂದೆ ಕೂತು ಹೊಗೆ ಕುಡಿಯುವವರು ನಮ್ಮ ಮನೆಯ ಹೆಂಗಸರು, ಅವರ ಮಡಿಲ ಮಕ್ಕಳು.

ಈ ಹೊಗೆ ಬರೀ ಕಣ್ಣು ಉರಿಸುವ ಹೊಗೆಯಲ್ಲ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನ ಅಕಾಲದಲ್ಲಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಎಳೆಯ ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಉಸಿರಾಟದ ಕಾಯಿಲೆ, ಹೃದಯದ ಕಾಯಿಲೆ, ಕಣ್ಣಿನ ಪೊರೆ, ಇವೆಲ್ಲಕ್ಕೂ ಈ ಹೊಗೆಯ ನಂಟು ಉಂಟು. ಆದ್ದರಿಂದ ಒಲೆ ಕೊಳ್ಳುವುದು ಸಣ್ಣ ವ್ಯಾಪಾರವಲ್ಲ.

ಮೊದಲು ಒಲೆಯ ಒಳಗುಟ್ಟು ತಿಳಿಯೋಣ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ನೂರು ಪಾಲು ಶಾಖದಲ್ಲಿ ಪಾತ್ರೆಗೆ ಸೇರುವುದು ಹತ್ತರಿಂದ ಹದಿನೈದು ಪಾಲು ಮಾತ್ರ. ಉಳಿದದ್ದು ಗಾಳಿಗೆ, ಗೋಡೆಗೆ, ಹೊಗೆಗೆ ಹೋಗುತ್ತದೆ. ಕಾರಣ ಎರಡು. ಸೌದೆಗೆ ಬೇಕಾದ ಗಾಳಿ ಅಡಿಯಿಂದ ಸಿಗದೆ ಅದು ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದೇ ಹೊಗೆ, ಮಸಿ. ಎರಡನೆಯದಾಗಿ, ಎದ್ದ ಉರಿ ಪಾತ್ರೆಯನ್ನು ಸರಿಯಾಗಿ ತಬ್ಬುವುದಿಲ್ಲ, ಪಕ್ಕಕ್ಕೆ ಜಾರಿಹೋಗುತ್ತದೆ.

ಒಳ್ಳೆಯ ಒಲೆ ಈ ಎರಡನ್ನೂ ಸರಿಮಾಡುತ್ತದೆ. ಸೌದೆಯ ಕೆಳಗೆ ಕಬ್ಬಿಣದ ಜಾಲರಿ ಇರುತ್ತದೆ. ಬೂದಿ ಕೆಳಗೆ ಉದುರುತ್ತದೆ, ಗಾಳಿ ಕೆಳಗಿನಿಂದ ಏರುತ್ತದೆ. ಉರಿಗೂ ಪಾತ್ರೆಯ ತಳಕ್ಕೂ ನಡುವೆ ಅಳತೆಯ ಸಂದು ಇರುತ್ತದೆ. ಸಂದು ಹೆಚ್ಚಾದರೆ ಉರಿ ಪಾತ್ರೆಯನ್ನು ಮುಟ್ಟದೆ ಹೋಗುತ್ತದೆ. ಕಡಿಮೆಯಾದರೆ ಹೊಗೆ ಹಿಂದಿರುಗಿ ಬಾಯಿಂದ ಹೊರಡುತ್ತದೆ. ಕಟ್ಟಿದ ಒಲೆಯಾದರೆ ಹೊಗೆ ಕೊಳವೆಯೂ ಉಂಟು. ಬಿಸಿ ಗಾಳಿ ಕೊಳವೆಯಲ್ಲಿ ಮೇಲೇರುತ್ತ ಹಿಂದಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ನೋಡಿ, ಇಲ್ಲಿ ಎಲ್ಲವೂ ಅಳತೆಯ ಮೇಲೆ ನಿಂತಿದೆ. ಅದಕ್ಕೇ ಬಲ್ಲವರ ಕೈಯಿಂದ ಕೊಳ್ಳಬೇಕು ಅನ್ನುವುದು.

ನಮ್ಮ ನಾಡಿನಲ್ಲೇ ಈ ಅಳತೆಗಳನ್ನು ಶಾಸ್ತ್ರೋಕ್ತವಾಗಿ ಕಂಡುಕೊಂಡವರು ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ ಎನ್. ರೆಡ್ಡಿಯವರು ೧೯೭೪ರಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದರು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಗೆ ಮುಟ್ಟಿಸುವುದು ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರವೊಂದು ನಡೆಯಿತು. ೧೯೮೦ರ ದಶಕದ ಆರಂಭದಲ್ಲಿ ಅಲ್ಲಿನ ವಿಜ್ಞಾನಿಗಳು ಮೂರು ಪಾತ್ರೆ ಕೂರುವ, ಜಾಲರಿ ಮತ್ತು ಹೊಗೆ ಕೊಳವೆ ಇರುವ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಒಂದೇ ಉರಿಯಲ್ಲಿ ಮುದ್ದೆ, ಸಾರು, ಬಿಸಿನೀರು ಮೂರೂ ಆಗುವ ಒಲೆ ಅದು.

ಹಾಗಾದರೆ ಅಂಥ ಒಲೆಗಳು ಎಲ್ಲ ಮನೆಯಲ್ಲೂ ಯಾಕೆ ಉಳಿಯಲಿಲ್ಲ ಅಂತೀರಾ? ಸರಿಯಾದ ಪ್ರಶ್ನೆ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ೧೯೮೦ರ ದಶಕದಲ್ಲಿ ಶುರುವಾಗಿ ೨೦೦೨ರಲ್ಲಿ ನಿಂತಿತು. ದೇಶದಲ್ಲಿ ಕೋಟಿಗಟ್ಟಲೆ ಒಲೆ ಹಾಕಿದರು. ಒಲೆಗಳ ಎಣಿಕೆ ನಡೆಯಿತು; ಆಮೇಲೆ ರಿಪೇರಿ ಮಾಡುವವರು ಎಷ್ಟೋ ಕಡೆ ಇರಲಿಲ್ಲ. ಒಡಿಶಾದಲ್ಲಿ ಸುಮಾರು ೨,೬೦೦ ಮನೆಗಳನ್ನು ನಾಲ್ಕು ವರ್ಷ ಗಮನಿಸಿ, ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಮಾತು ಹೇಳುತ್ತದೆ. ಮೊದಲ ವರ್ಷ ಅಡುಗೆ ಮಾಡುವವರು ಕುಡಿಯುವ ಹೊಗೆ ಕಡಿಮೆಯಾಯಿತು. ಆಮೇಲೆ ಒಲೆ ಬಿರುಕುಬಿಟ್ಟು, ಕೊಳವೆ ಕಟ್ಟಿಕೊಂಡು, ಬಳಸುವವರು ಕಡಿಮೆಯಾಗಿ, ಲಾಭ ಕರಗಿಹೋಯಿತು. ಅಂದರೆ ಒಲೆಯ ಜೊತೆಗೆ ಒಲೆ ಬಲ್ಲ ಮನುಷ್ಯನೂ ಊರಿಗೆ ಹತ್ತಿರ ಇರಬೇಕು ಅಂತಾಯಿತು.

ಒಲೆ ಬಲ್ಲವರನ್ನು ಗುರುತಿಸುವುದು ಹೇಗೆ? ಸುಲಭದ ದಾರಿ ಹೇಳುತ್ತೇನೆ. ಬರೀ ಮಾರುವವನು ತನ್ನ ಒಲೆಯ ಬಗ್ಗೆ ಮಾತಾಡುತ್ತಾನೆ. ಬಲ್ಲವನು ನಿಮ್ಮ ಅಡುಗೆಯ ಬಗ್ಗೆ ಕೇಳುತ್ತಾನೆ. ಮನೆಯಲ್ಲಿ ಎಷ್ಟು ಜನ? ನಿತ್ಯ ಮಾಡುವುದು ಮುದ್ದೆಯೋ, ರೊಟ್ಟಿಯೋ, ಕುಸುಬಲಕ್ಕಿ ಅನ್ನವೋ? ಸುಡುವುದು ಗಟ್ಟಿ ಸೌದೆಯೋ, ತೊಗರಿ ಕಟ್ಟಿಗೆಯೋ, ಹಿಪ್ಪುನೇರಳೆ ಕಡ್ಡಿಯೋ, ತೆಂಗಿನ ಗರಿಯೋ? ಸೂರು ಹುಲ್ಲಿನದೋ, ಹೆಂಚಿನದೋ, ತಾರಸಿಯೋ?

ಈ ಪ್ರಶ್ನೆಗಳಿಗೆ ಕಾರಣ ಉಂಟು. ಮುದ್ದೆ ತೊಳಸುವಾಗ ಪಾತ್ರೆಯನ್ನು ಅದುಮಿ ಹಿಡಿದು, ಕೋಲು ಹಾಕಿ ಬಲವಾಗಿ ತಿರುವುತ್ತಾರೆ. ಹಗುರವಾದ ತಗಡಿನ ಒಲೆ ಆ ಭರಕ್ಕೆ ಅಲುಗಾಡುತ್ತದೆ, ಕುದಿಯುವ ಪಾತ್ರೆ ಮಗುಚಿಕೊಳ್ಳುವ ಅಪಾಯ. ಜೋಳದ ರೊಟ್ಟಿಗೆ ಹೆಂಚಿನ ತಳಕ್ಕೆಲ್ಲ ಹರಡುವ ಅಗಲ ಉರಿ ಬೇಕು. ನಡುವೆ ಮಾತ್ರ ಉರಿಯುವ ಕಿರುಬಾಯಿ ಒಲೆಯಲ್ಲಿ ರೊಟ್ಟಿಯ ನಡು ಸೀಯುತ್ತದೆ, ಅಂಚು ಹಸಿ ಉಳಿಯುತ್ತದೆ. ಗಟ್ಟಿ ಸೌದೆಯ ತುಂಡಿಗೆಂದು ಮಾಡಿದ ಒಲೆಗೆ ತೆಂಗಿನ ಗರಿ ತುರುಕಿದರೆ ಭಗ್ಗನೆ ಉರಿದು ತಣ್ಣಗಾಗುತ್ತದೆ. ನಾನು ಓಡಾಡುವ ಹಳ್ಳಿಗಳಲ್ಲಿ ಎಷ್ಟೋ ಹೊಸ ಒಲೆಗಳು ಅಟ್ಟದ ಮೇಲೆ ಕೂತಿವೆ. ಅವು ಕೆಟ್ಟ ಒಲೆಗಳಲ್ಲ, ಆ ಮನೆಗೆ ಹೊಂದದ ಒಲೆಗಳು.

ಈಗ ನೀವು ಕೇಳಬೇಕಾದ ಮಾತುಗಳು.

ಒಂದು: ಸಾಗಿಸಬಹುದಾದ ಒಲೆಯಾದರೆ ಐ.ಎಸ್.ಐ. ಗುರುತು ಇದೆಯೇ ನೋಡಿ. ಇಂಥ ಒಲೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. ೧೩೧೫೨ ಎಂಬ ಗುಣಮಟ್ಟ ಉಂಟು. ೨೦೧೩ರಲ್ಲಿ ಪರಿಷ್ಕರಿಸಿದ ಅದರ ಪ್ರಕಾರ, ಫ್ಯಾನ್ ಇಲ್ಲದ ಒಲೆ ನೂರಕ್ಕೆ ೨೫ ಪಾಲು, ಫ್ಯಾನ್ ಇರುವ ಒಲೆ ೩೫ ಪಾಲು ಶಾಖವನ್ನಾದರೂ ಪಾತ್ರೆಗೆ ಮುಟ್ಟಿಸಬೇಕು. ಹೊಗೆಗೂ ಮಿತಿ ಹಾಕಿದ್ದಾರೆ.

ಎರಡು: ಜಾಲರಿ ಸುಟ್ಟುಹೋದರೆ ಬೇರೆ ಸಿಗುತ್ತದೆಯೇ? ಎಲ್ಲಿ? ಬೆಲೆ ಎಷ್ಟು? ಎಷ್ಟು ಕಾಲದ ಗ್ಯಾರಂಟಿ? ಬಾಯಿಮಾತು ಬೇಡ. ರಸೀದಿಯ ಮೇಲೆ ಬರೆಸಿಕೊಳ್ಳಿ.

ಮೂರು: ಮೇಸ್ತ್ರಿ ಕಟ್ಟಿದ ಒಲೆ ಎರಡು ವರ್ಷದಿಂದ ಉರಿಯುತ್ತಿರುವ ಮನೆ ತೋರಿಸಿ ಅನ್ನಿ. ಆ ಮನೆಗೆ ಹೋಗಿ. ಯಜಮಾನರನ್ನಲ್ಲ, ಅಡುಗೆಯ ಅಕ್ಕನನ್ನು ಕೇಳಿ. ಗೋಡೆಯ ಮಸಿ ನೋಡಿ. ಅಚ್ಚು ಇಟ್ಟು, ಅಳತೆಕೋಲು ಹಿಡಿದು ಕಟ್ಟುವ ಮೇಸ್ತ್ರಿ ಬೇಕು. ಕಣ್ಣಳತೆಯ ಮೇಲೆ ಕಟ್ಟುವವರು ಗೋಡೆ ಕಟ್ಟಲಿ, ಒಲೆ ಬೇಡ.

ನಾಲ್ಕು: ನಿಮ್ಮ ಮನೆಯ ಪಾತ್ರೆ, ನಿಮ್ಮ ಸೌದೆ ತಂದು ಉರಿಸಿ ತೋರಿಸಿ ಅನ್ನಿ. ಪಾತ್ರೆ ಗಟ್ಟಿಯಾಗಿ ಕೂರುತ್ತದೆಯೇ, ಹೊಗೆ ಎತ್ತ ಹೋಗುತ್ತದೆ ನೋಡಿ. ಬಲ್ಲವನು ಇದಕ್ಕೆ ಹಿಂಜರಿಯುವುದಿಲ್ಲ.

ಐದು: ಕೊಳವೆ ಎಲ್ಲಿ, ಹೇಗೆ ನಿಲ್ಲಿಸುತ್ತೀರಿ ಎಂದು ಕೇಳಿ. ಅದು ಸೂರಿಗಿಂತ ಎರಡು ಅಡಿಯಾದರೂ ಮೇಲೇಳಬೇಕು, ತಲೆಯ ಮೇಲೆ ಮಳೆ ಟೋಪಿ ಇರಬೇಕು, ಮಸಿ ತೆಗೆಯಲು ಬುಡದಲ್ಲಿ ಬಾಗಿಲು ಇರಬೇಕು. ಹುಲ್ಲಿನ ಸೂರಾದರೆ ಕೊಳವೆ ಹುಲ್ಲಿಗೆ ತಾಗದಂತೆ ಸುತ್ತ ತಗಡು ಹಾಕಿ ಅಂತರ ಬಿಡಲೇಬೇಕು. ಆಸ್ಬೆಸ್ಟಾಸ್ ಕೊಳವೆ ಬೇಡ. ಅದರ ಪುಡಿ ಶ್ವಾಸಕೋಶಕ್ಕೆ ಕೇಡು.

ಬೆಲೆಯ ಮಾತಿಗೆ ಬರೋಣ. ದಿನಕ್ಕೆ ೬ ಕಿಲೋ ಸೌದೆ ಸುಡುವ ಮನೆ ಎಂದಿಟ್ಟುಕೊಳ್ಳಿ. ಹೊಂದುವ ಒಲೆಯಿಂದ ಮೂರರಲ್ಲಿ ಒಂದು ಪಾಲು ಉಳಿದರೆ ದಿನಕ್ಕೆ ೨ ಕಿಲೋ, ವರ್ಷಕ್ಕೆ ೭೩೦ ಕಿಲೋ ಆಯಿತು. ೨೦ ಕಿಲೋದ ತಲೆಹೊರೆಯ ಲೆಕ್ಕದಲ್ಲಿ ೩೬ ಹೊರೆ. ಅಷ್ಟು ಹೊರೆ ಹೊರುವ ಕಷ್ಟ ತಪ್ಪಿದ್ದಕ್ಕೆ ಬೆಲೆ ಕಟ್ಟಿ ನೋಡಿ. ಆಗ ಅಗ್ಗದ ಒಲೆ ಅಗ್ಗವೋ, ಬಾಳಿಕೆಯ ಒಲೆ ಅಗ್ಗವೋ ನಿಮಗೇ ತಿಳಿಯುತ್ತದೆ.

ತಂದ ಮೇಲೆ ಒಲೆಯನ್ನು ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಉರಿಯ ಬಲದ ಒಂದು ಪಾಲು ಆ ನೀರನ್ನು ಆರಿಸುವುದಕ್ಕೇ ಖರ್ಚು. ಸೌದೆಯನ್ನು ಸಣ್ಣಗೆ ಸೀಳಿ, ಮಳೆ ಬೀಳದ ಕಡೆ ಒಟ್ಟಿ, ಒಣಗಿಸಿ ಸುಡಿ. ಬೂದಿಯನ್ನು ದಿನವೂ ತೆಗೆಯಿರಿ. ತಿಂಗಳಿಗೊಮ್ಮೆ ಕೊಳವೆಯ ಮಸಿ ಕೆಡವಿ. ಬಿರುಕು ಕಂಡ ದಿನವೇ ಮಣ್ಣು ಮೆತ್ತಿ.

ಒಂದು ಮಾತು ಮುಚ್ಚಿಡಬಾರದು. ಎಂಥ ಒಳ್ಳೆಯ ಸೌದೆ ಒಲೆಯೂ ಹೊಗೆಯನ್ನು ಪೂರ್ತಿ ಇಲ್ಲವಾಗಿಸುವುದಿಲ್ಲ. 'ಹೊಗೆಯೇ ಇಲ್ಲ' ಎಂದು ಆಣೆ ಇಡುವವನ ಹತ್ತಿರ ಕೊಳ್ಳಬೇಡಿ. ಗ್ಯಾಸ್ ಇದ್ದವರು ನಿತ್ಯದ ಅಡುಗೆಯನ್ನು ಅದರಲ್ಲೇ ಮಾಡಿ, ಸೌದೆಯನ್ನು ಬಚ್ಚಲ ಹಂಡೆಗೆ, ದನದ ಹುರುಳಿಗೆ ಇಟ್ಟುಕೊಳ್ಳುವುದು ಮೇಲು. ಗ್ಯಾಸ್ ತುಂಬಿಸಲು ಕೈಯಲ್ಲಿ ಕಾಸಿಲ್ಲದ ತಿಂಗಳು ಸೌದೆಗೇ ಬರಬೇಕಾದೀತು. ಅಂಥ ತಿಂಗಳಿಗಾದರೂ ಒಲೆ ಒಳ್ಳೆಯದಿರಲಿ, ಕಿಟಕಿ ತೆರೆದಿರಲಿ, ಕೂಸನ್ನು ಒಲೆಯಿಂದ ದೂರ ಕೂರಿಸಿ.

ಕೊನೆಯದಾಗಿ ಯಜಮಾನರಿಗೊಂದು ಬಿನ್ನಹ. ಒಲೆ ಕೊಳ್ಳಲು ಹೋಗುವಾಗ ಮನೆಯಾಕೆಯನ್ನು ಕರೆದುಕೊಂಡೇ ಹೋಗಿ. ದಿನಾ ಅದರ ಮುಂದೆ ಕೂರುವವರು ಅವರು. ಕೂರುವ ಎತ್ತರ ಸರಿಯೇ, ಸೌದೆಯ ಬಾಯಿ ಕೈಗೆ ಎಟಕುತ್ತದೆಯೇ ಎಂದು ಅವರೇ ಹೇಳಬೇಕು. ಅವರು ಒಪ್ಪಿದ ಒಲೆ ಉರಿಯುತ್ತದೆ, ಒಪ್ಪದ ಒಲೆ ಅಟ್ಟ ಸೇರುತ್ತದೆ. ನಿಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ಈ ಮಾತು ಎತ್ತಿ. ನಾಲ್ಕಾರು ಮನೆಯವರು ಕೂಡಿ ಒಬ್ಬ ನುರಿತ ಮೇಸ್ತ್ರಿಯನ್ನು ಕರೆಸಿದರೆ ಖರ್ಚೂ ಕಡಿಮೆ, ಮುಂದೆ ರಿಪೇರಿಗೆ ಅವರು ಬರುವ ಭರವಸೆಯೂ ಹೆಚ್ಚು.