ಬೆಳೆಯೋ ಬೇಳೆಯೋ: ಗಡಿನಾಡಿನ ಕಿವಿ ಮತ್ತು ಆಲಿಸುವ ಅಭ್ಯಾಸ

ಅಕ್ಕಲಕೋಟ ಸೀಮೆಯ ರೈತನೊಬ್ಬ ಕಟ್ಟೆಯ ಮೇಲೆ ಕುಳಿತು ‘ತೊಗರಿ ಬೆಳಿ ಈ ವರ್ಷ ಚಲೋ ಬಂದದ’ ಎನ್ನುತ್ತಾನೆ. ಅದೇ ಹೊತ್ತಿಗೆ ಅಡುಗೆಮನೆಯಿಂದ ‘ತೊಗರಿ ಬ್ಯಾಳಿ ತೀರ್ಯದ’ ಎಂಬ ಮಾತು ಕೇಳಿಬರುತ್ತದೆ. ಮೊದಲನೆಯದು ಹೊಲದ ಸುದ್ದಿ, ಎರಡನೆಯದು ಡಬ್ಬಿಯ ಸುದ್ದಿ. ಆ ಮನೆಯ ನಾಲ್ಕು ವರ್ಷದ ಮಗು ಕೂಡ ಇವೆರಡನ್ನೂ ಬೆರೆಸುವುದಿಲ್ಲ. ಅದೇ ಮಗು ಮರಾಠಿ ಮಾಧ್ಯಮದಲ್ಲಿ ಹತ್ತು ವರ್ಷ ಓದಿ, ಕಾಲೇಜಿನಲ್ಲಿ ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡು, ಊರಿನ ಮಾತನ್ನು ಬರೆದುಕೊಂಡು ಬಾ ಎಂದಾಗ ಕೈಗೆ ಒಗ್ಗಿದ ದೇವನಾಗರಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತದೆ. ಮರಾಠಿ ಬರಹದಲ್ಲಿ ಎಕಾರಕ್ಕೂ ಏಕಾರಕ್ಕೂ ಒಂದೇ ಅಕ್ಷರ. ಒಕಾರ ಓಕಾರಗಳಿಗೂ ಹಾಗೆಯೇ. ಕೇಳಿದ ಮಾತನ್ನು ಮನಸ್ಸಿನಲ್ಲೇ ಗ್ರಂಥಸ್ಥ ಕನ್ನಡಕ್ಕೆ ತಿದ್ದಿ ಬರೆದರೆ ಬೆಳೆ, ಬೇಳೆ ಎರಡೂ ಒಂದೇ ರೂಪಕ್ಕೆ ಬಂದು ಬೀಳುತ್ತವೆ. ತರಗತಿಯಲ್ಲಿ ಅದನ್ನು ಓದಿ ಹೇಳಬೇಕಾದಾಗ ವಿದ್ಯಾರ್ಥಿ ತಡವರಿಸುತ್ತಾನೆ. ಆ ಮುದುಕ ಹೇಳಿದ್ದು ಹೊಲದ ಮಾತೋ, ಡಬ್ಬಿಯ ಮಾತೋ?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗ್ರಂಥಸ್ಥ ಕನ್ನಡದಲ್ಲಿ ಈ ಎರಡು ಪದಗಳ ನಡುವಣ ಅಂತರ ಒಂದು ಸ್ವರದ ದೀರ್ಘತೆ ಮಾತ್ರ. ಮನೆಯ ಕನ್ನಡದಲ್ಲಿ ಅಂತರ ಇನ್ನೂ ಹೆಚ್ಚು. ಪದದ ಕೊನೆಯ ಎಕಾರ ಇಕಾರವಾಗುವುದರಿಂದ ಬೆಳೆ ‘ಬೆಳಿ’ಯಾಗುತ್ತದೆ. ಬೇಳೆಯಲ್ಲಿ ಇದರ ಜೊತೆಗೆ ಮೊದಲ ಏಕಾರವೂ ಅಗಲಿಸಿ ‘ಬ್ಯಾಳಿ’ ಎಂದಾಗುತ್ತದೆ. ಬೇಡ ‘ಬ್ಯಾಡ’ ಆಗುವುದು, ಪೇಟೆ ‘ಪ್ಯಾಟಿ’ ಆಗುವುದು ಇದೇ ದಾರಿಯಲ್ಲಿ. ಆದರೆ ಕೇಳು, ಹೇಳು, ಬೇರು ಎಂಬಲ್ಲಿ ಈ ಬದಲಾವಣೆ ಇಲ್ಲ; ಮುಂದೆ ಉಕಾರವಿರುವುದರಿಂದ ಏಕಾರ ಹಾಗೆಯೇ ಉಳಿಯುತ್ತದೆ. ಅಕ್ಷರ ಬಾರದ ಅಜ್ಜಿಯ ಬಾಯಲ್ಲಿ ಈ ನಿಯಮ ತಪ್ಪುವುದಿಲ್ಲ. ಇಷ್ಟು ವ್ಯವಸ್ಥಿತವಾದ ಮಾತನ್ನು ‘ಅಶುದ್ಧ’ವೆಂದು ಕರೆಯುವವರು ಅದನ್ನು ಸರಿಯಾಗಿ ಆಲಿಸಿಲ್ಲ ಎಂದಷ್ಟೇ ಹೇಳಬಹುದು. ಗಡಿನಾಡಿನ ವಿದ್ಯಾರ್ಥಿಗೆ ಹೊಸ ಕಿವಿ ಬೇಕಿಲ್ಲ. ಮನೆಯಲ್ಲಿ ಪಡೆದ ಕಿವಿಯನ್ನು ಶಾಲೆಯ ಲಿಪಿ ಮುಚ್ಚಿಬಿಡದಂತೆ ನೋಡಿಕೊಂಡರೆ ಸಾಕು.

ಭಾಷಾಕೌಶಲಗಳನ್ನು ಎಣಿಸುವಾಗ ಆಲಿಸುವುದನ್ನು ಮೊದಲು ಹೇಳಿ, ಪಾಠ ಮಾಡುವಾಗ ಅದನ್ನು ಬಿಟ್ಟುಬಿಡುವುದು ರೂಢಿ. ಕಿವಿಯಿದ್ದವರಿಗೆಲ್ಲ ಅದು ತಾನಾಗಿ ಬರುತ್ತದೆ ಎಂಬ ನಂಬಿಕೆ ಇದಕ್ಕೆ ಕಾರಣವಿರಬೇಕು. ಕನ್ನಡದ ‘ಕೇಳು’ ಎಂಬ ಕ್ರಿಯಾಪದವನ್ನೇ ನೋಡಿದರೆ ಈ ನಂಬಿಕೆ ಸಡಿಲವಾಗುತ್ತದೆ. ಶಬ್ದ ಕಿವಿಗೆ ಬೀಳುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ, ಬೇಡುವುದೂ ಕೇಳುವುದೇ. ಹಿರಿಯರ ಮಾತಿನಂತೆ ನಡೆಯುವುದೂ ಅವರ ಮಾತು ಕೇಳುವುದೇ. ಮರಾಠಿಯಲ್ಲಿ ‘ಐಕಣೆ’ ಬೇರೆ, ‘ವಿಚಾರಣೆ’ ಬೇರೆ; ಕಿವಿಗೊಡುವುದಕ್ಕೆ ಒಂದು ಪದ, ಪ್ರಶ್ನಿಸುವುದಕ್ಕೆ ಮತ್ತೊಂದು. ಕನ್ನಡ ಇವೆರಡನ್ನೂ ಒಂದೇ ಪದದಲ್ಲಿ ಕಟ್ಟಿಟ್ಟಿದೆ. ತಿಳಿಯದಿದ್ದಾಗ ಮತ್ತೆ ಕೇಳದವನು ಮೊದಲ ಸಲವೂ ಕೇಳಿರಲಿಲ್ಲವೆಂದೇ ಅರ್ಥ. ಮರಾಠಿಯ ಆ ‘ವಿಚಾರಣೆ’ ಕನ್ನಡಕ್ಕೆ ಬಂದರೆ ನ್ಯಾಯಾಲಯದ ಪದವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಇಪ್ಪತ್ತು ಪ್ರಶ್ನೆಗಳ ಹಾಳೆ ಹಿಡಿದು ಹಳ್ಳಿಯ ಮನೆಗೆ ಹೋಗುವ ವಿದ್ಯಾರ್ಥಿ ಮರಾಠಿಯ ವಿಚಾರಣೆಗೆಂದು ಹೊರಟು ಕನ್ನಡದ ವಿಚಾರಣೆಯನ್ನು ನಡೆಸಿ ಬರುವುದುಂಟು.

ಎರಡು ಭಾಷೆಗಳ ನಡುವೆ ಬೆಳೆದವರ ಕಿವಿಗೆ ಗೊತ್ತಿಲ್ಲದ ಪದಕ್ಕಿಂತ ಗೊತ್ತಿರುವ ಪದವೇ ಹೆಚ್ಚು ಮೋಸ ಮಾಡುತ್ತದೆ. ಗೊತ್ತಿಲ್ಲದ ಪದ ಬಂದರೆ ಕಿವಿ ತಾನಾಗಿ ನಿಲ್ಲುತ್ತದೆ. ಗೊತ್ತಿರುವ ಪದ ಬಂದರೆ ತನ್ನ ಅರ್ಥವನ್ನೇ ತುಂಬಿಕೊಂಡು ಮುಂದೆ ಸಾಗುತ್ತದೆ. ‘ನಂದು ಇನ್ನೂ ಅಭ್ಯಾಸ ಆಗಿಲ್ಲ’ ಎಂದು ಸೊಲ್ಲಾಪುರದ ಹುಡುಗನೊಬ್ಬ ಹೇಳಿದರೆ ಅವನ ಪಾಠದ ಓದು ಮುಗಿದಿಲ್ಲವೆಂದು ಅರ್ಥ. ಮೈಸೂರಿನ ಕಡೆಯ ಕಿವಿಗೆ ಅದು ಒಗ್ಗಿಕೊಂಡಿಲ್ಲ, ರೂಢಿಯಾಗಿಲ್ಲ ಎಂದು ಕೇಳಿಸುತ್ತದೆ. ‘ಕಷ್ಟ ಮಾಡಿ ಮಕ್ಕಳನ್ನ ಓದಿಸೀವಿ’ ಎಂಬ ತಾಯಿಯ ಮಾತಿನಲ್ಲಿ ಮರಾಠಿಯ ಕಷ್ಟವಿದೆ. ಬೆವರು ಸುರಿಸಿದ ದುಡಿಮೆ ಎಂಬ ಅರ್ಥ ಅಲ್ಲಿ ಮುಂದೆ ನಿಲ್ಲುತ್ತದೆ. ಅದನ್ನು ಬರಿಯ ತೊಂದರೆ ಎಂದು ಬರೆದುಕೊಂಡರೆ ಆಕೆಯ ಅಭಿಮಾನದ ಮಾತು ಅಳಲಿನ ಮಾತಾಗಿಬಿಡುತ್ತದೆ. ಊಟಕ್ಕೆ ಕೂತವರಿಗೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿರೆಂದು ಒತ್ತಾಯಿಸುವುದು ಮರಾಠಿಯಲ್ಲಿ ಪ್ರೀತಿಯ ‘ಆಗ್ರಹ’. ಕನ್ನಡ ಪತ್ರಿಕೆಯ ತಲೆಬರಹದಲ್ಲಿ ಆಗ್ರಹವೆಂದರೆ ಧರಣಿ ಕೂತವರ ಬೇಡಿಕೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ‘ಆಯಿ’ ಎಂಬ ಪದ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ವಿಜಯಪುರ, ಕಲಬುರಗಿ ಕಡೆಯ ಕನ್ನಡ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಆಯಿ ಮತ್ತು ಮುತ್ಯಾ ಅಲ್ಲಿ ಜೋಡಿ ಪದಗಳು. ಗಡಿಯ ಈಚೆಗಿನ ಊರುಗಳಲ್ಲಿ ಎರಡು ಅರ್ಥಗಳೂ ಒಂದೇ ಓಣಿಯಲ್ಲಿ ಇರಬಹುದು. ‘ಈ ಹಾಡು ನಮ್ಮ ಆಯಿ ಕಲಿಸಿದ್ದು’ ಎಂದು ಎಪ್ಪತ್ತರ ಮುದುಕಿ ಹೇಳಿದಾಗ ಕೇಳುವವನು ಸುಮ್ಮನೆ ತಲೆಯಾಡಿಸಿದರೆ ಒಂದು ತಲೆಮಾರು ಲೆಕ್ಕದಿಂದ ತಪ್ಪಿಹೋಗುತ್ತದೆ. ‘ಆಯಿ ಅಂದ್ರ ನಿಮ್ಮ ಅವ್ವನೋ, ಅವ್ವನ ಅವ್ವನೋ?’ ಎಂಬ ಒಂದು ಪ್ರಶ್ನೆ ಸಾಕು. ಆದರೆ ಆ ಪ್ರಶ್ನೆ ಹೊಳೆಯಬೇಕಾದರೆ ತನಗೆ ಗೊತ್ತಿರುವ ಅರ್ಥದ ಮೇಲೆ ತುಸು ಅನುಮಾನವಿರಬೇಕು. (ಈ ‘ಅನುಮಾನ’ವೂ ಅಷ್ಟೇ, ಮರಾಠಿಯ ಓದುಗನಿಗೆ ಅದು ತರ್ಕದಿಂದ ಊಹಿಸುವುದು, ಕನ್ನಡದವನಿಗೆ ಸಂದೇಹ.)

ಕಿವಿ ತಪ್ಪಿದ್ದನ್ನು ಮತ್ತೆ ಕೇಳಿ ಸರಿಪಡಿಸಿಕೊಳ್ಳಬಹುದು. ಕೇಳುತ್ತಿರುವಾಗಲೇ ಬಾಯಿ ತಿದ್ದತೊಡಗಿದರೆ ಅದಕ್ಕೆ ಪರಿಹಾರ ಸುಲಭವಲ್ಲ. ಗಡಿಭಾಗದ ಹಳ್ಳಿಗಳಲ್ಲಿ ಹಿರಿಯರನ್ನು ಮಾತಿಗೆಳೆದರೆ ಮೊದಲು ಬರುವ ಉತ್ತರ ಬಹುತೇಕ ಒಂದೇ: ‘ನಮಗ ಶುದ್ಧ ಕನ್ನಡ ಬರಂಗಿಲ್ರಿ.’ ಹುಟ್ಟಿದಂದಿನಿಂದ ಕನ್ನಡವನ್ನೇ ಆಡಿದವರು ಹೇಳುವ ಮಾತಿದು. ಇಂಥವರ ಎದುರು ಕುಳಿತು ಅವರು ‘ಬ್ಯಾಳಿ’ ಎಂದಾಗ ‘ಬೇಳೆ ಅಲ್ಲವೇ?’ ಎಂದು ವಿದ್ಯಾರ್ಥಿ ಕೇಳಿದನೆಂದರೆ ಮುಂದಿನ ವಾಕ್ಯದಿಂದಲೇ ಅವರು ತಡೆದು ತಡೆದು ಮಾತನಾಡತೊಡಗುತ್ತಾರೆ. ನೆನಪಿಗೆ ಬಂದ ಪುಸ್ತಕದ ಪದಗಳನ್ನು ಹುಡುಕುತ್ತಾರೆ. ಅದು ಸಾಗದಿದ್ದರೆ ಮರಾಠಿಗೆ ಹೊರಳುತ್ತಾರೆ. ವಿದ್ಯಾರ್ಥಿ ಸಂಗ್ರಹಿಸಲು ಬಂದದ್ದು ಅವನ ಕಣ್ಣೆದುರೇ ಬಾಗಿಲು ಹಾಕಿಕೊಳ್ಳುತ್ತದೆ. ಮುಂದೆ ಮೊಮ್ಮಕ್ಕಳೊಡನೆಯೂ ಆ ಹಿರಿಯರು ಮರಾಠಿಯನ್ನೇ ಆಡಿದರೆ ಅಚ್ಚರಿಯಿಲ್ಲ. ಕನ್ನಡ ಕಲಿಯುತ್ತಿರುವ ಹುಡುಗನೇ ತಮ್ಮ ಕನ್ನಡ ಸರಿಯಿಲ್ಲವೆಂದು ಹೇಳಿ ಹೋದ ಮೇಲೆ ಅವರು ಇನ್ನಾರ ಮಾತನ್ನು ನಂಬಬೇಕು? ಕನ್ನಡ ಶಾಲೆಗಳು ಕಡಿಮೆಯಾಗುತ್ತಿರುವುದರ ಬಗ್ಗೆ ಭಾಷಣಗಳು ನಡೆಯುತ್ತವೆ, ನಡೆಯಲೂಬೇಕು. ಅಡುಗೆಮನೆಯಲ್ಲಿ ನಡೆದುಹೋಗುವ ಈ ನಷ್ಟಕ್ಕೆ ಭಾಷಣವಿಲ್ಲ.

ತಿದ್ದಬಾರದೆಂದರೆ ಸುಮ್ಮನೆ ಕೂರಬೇಕೆಂದೂ ಅಲ್ಲ. ಕತೆ ಹೇಳುವ ಅಜ್ಜಿ ಎದುರಿಗೆ ಹೂಂಗುಟ್ಟುವವರು ಬೇಕೆಂದು ಪಟ್ಟು ಹಿಡಿಯುವುದು ಎಲ್ಲರಿಗೂ ತಿಳಿದದ್ದೇ. ಆ ‘ಹೂಂ’ ನಿಂತಿತೆಂದರೆ ಕೇಳುವವರು ನಿದ್ದೆಹೋದರೆಂದು ಕತೆಯೂ ನಿಲ್ಲುತ್ತದೆ. ಹೂಂಗುಟ್ಟುವಿಕೆ ಒಪ್ಪಿಗೆಯಲ್ಲ; ರಾಜನಿಗೆ ಏಳು ಹೆಂಡಿರು ಎಂದಾಗ ಹೂಂ ಎಂದ ಮಗು ಅದನ್ನು ಸರಿಯೆಂದು ತೀರ್ಪಿತ್ತಂತಾಗುವುದಿಲ್ಲ. ‘ಇಲ್ಲಿದ್ದೇನೆ, ಮುಂದೆ ಹೇಳು’ ಎಂಬುದಷ್ಟೇ ಅದರ ಅರ್ಥ. ಈಗಿನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಧ್ವನಿಮುದ್ರಣವನ್ನು ಚಾಲೂ ಮಾಡಿ ನಡುವೆ ಇಟ್ಟು ತಾವು ಬೇರೆತ್ತಲೋ ನೋಡುತ್ತಿರುತ್ತಾರೆ. ಯಂತ್ರ ಎಲ್ಲವನ್ನೂ ಹಿಡಿದಿಡುತ್ತದೆ ನಿಜ, ಆದರೆ ಅದಕ್ಕೆ ಹೂಂಗುಟ್ಟಲು ಬಾರದು. ಮಾತಿನ ನಡುವೆ ಹಿರಿಯರು ತಡೆದರೆ ಕೂಡಲೇ ಮುಂದಿನ ಪ್ರಶ್ನೆ ಎಸೆಯದೆ ಕಾಯುವುದು ಇದಕ್ಕಿಂತ ಕಠಿಣ. ಆ ಮೌನದಲ್ಲಿ ಅವರು ಪದವನ್ನು ಹುಡುಕುತ್ತಿರಬಹುದು, ಅಥವಾ ಹೇಳಲೋ ಬೇಡವೋ ಎಂದು ತೂಗುತ್ತಿರಬಹುದು. ಹಾಡು ಹೇಳುವಿರಾ ಎಂದಾಗ ‘ನೋಡೋಣ’ ಎಂದರೆ ಅದು ಒಪ್ಪಿಗೆಯೋ ನಿರಾಕರಣೆಯೋ ಎಂಬುದನ್ನು ಪದ ಹೇಳುವುದಿಲ್ಲ, ದನಿ ಹೇಳುತ್ತದೆ. ಮರಾಠಿಯ ‘ಬಘೂ’ ಕೂಡ ಹೀಗೆಯೇ ಇರುವುದರಿಂದ ಗಡಿನಾಡಿನವರಿಗೆ ಈ ಪಾಠ ಹೊಸದಾಗಬೇಕಿಲ್ಲ.

ಜಾನಪದ ಸಂಗ್ರಹಕ್ಕೆ ಹೋಗುವವರು ಬೀಸುವ ಹಾಡುಗಳ ವಿಷಯದಲ್ಲಿ ಇನ್ನೊಂದನ್ನು ತಿಳಿದಿರಬೇಕು. ಅವು ಸಭೆಯ ಹಾಡುಗಳಲ್ಲ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ತವರನ್ನು, ಕೂಸನ್ನು, ದೇವರನ್ನು ನೆನೆದು ಹಾಡಿಕೊಂಡದ್ದು. ಪಕ್ಕದ ಕೋಣೆಯಲ್ಲಿ ಮಲಗಿದವರ ಕಿವಿಗೆ ಅದು ಬೀಳುತ್ತಿತ್ತು; ಕೇಳಿದರೆಂದು ಹೇಳಲಾಗದು. ಸೊಲ್ಲಾಪುರಕ್ಕೆ ಬಹು ದೂರವಲ್ಲದ ಹಲಸಂಗಿಯ ಗೆಳೆಯರು ಅದಕ್ಕೆ ಕಿವಿಗೊಟ್ಟಿದ್ದರಿಂದ 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಮರಾಠಿಯಲ್ಲಿ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾಂ ಅವರು ಕೈಗೊಂಡ ಕೆಲಸದಿಂದ ಮಹಾರಾಷ್ಟ್ರದ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಓವಿಗಳು ದಾಖಲಾಗಿವೆ. ಹಾಡಿದ ಹೆಂಗಸರ ಹೆಸರು, ಊರುಗಳೂ ಅಲ್ಲಿ ಸಿಗುತ್ತವೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಈಗ ಕುರ್ಚಿಯ ಮೇಲೆ ಕೂರಿಸಿ ‘ಹಾಡಿರಿ’ ಎಂದರೆ ನೆನಪಿಲ್ಲವೆಂಬ ಉತ್ತರವೇ ಹೆಚ್ಚು. ನೆನಪು ಕೈಯಲ್ಲಿದೆ. ಕಲ್ಲಿದ್ದರೆ ಅದರ ಮುಂದೆ, ಇಲ್ಲದಿದ್ದರೆ ಕಾಳು ಆರಿಸುವಾಗ ಜೊತೆಗೆ ಕುಳಿತು ತಾನೂ ನಾಲ್ಕು ಕಾಳು ಆರಿಸುವ ವಿದ್ಯಾರ್ಥಿನಿಗೆ ಹಾಡು ಸಿಗುವ ಸಾಧ್ಯತೆ ಹೆಚ್ಚು.

ಕೇಳಲು ಹಿತವಾದ ಹಾಡಿಗೆ ಕಿವಿಗೊಡುವುದು ಒಂದು ಬಗೆಯಾದರೆ, ನೋಯಿಸುವ ಮಾತಿಗೆ ಕಿವಿಗೊಡುವುದು ಮತ್ತೊಂದು. ಇದಕ್ಕೆ ನಿದರ್ಶನವಾಗಿ ‘ಶೂನ್ಯಸಂಪಾದನೆ’ಯ ಒಂದು ಪ್ರಸಂಗವಿದೆ; ಅದು ನಡೆಯುವುದೂ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿಯೇ. ಸಿದ್ಧರಾಮನು ಕೆರೆ ಕಟ್ಟಿಸುತ್ತಿರುವಲ್ಲಿಗೆ ಅಲ್ಲಮ ಬಂದು ಅವನನ್ನು ಮಣ್ಣು ಅಗೆಯುವ ‘ಒಡ್ಡ’ನೆಂದು ಕರೆಯುತ್ತಾನೆ. ಕೆಲಸದವರ ಕಿವಿಗೆ ಅದು ಗುರುವಿನ ನಿಂದೆಯೆಂದು ಕೇಳಿಸುತ್ತದೆ, ಅವರು ಕಲ್ಲೆಸೆಯುತ್ತಾರೆ. ಸಿದ್ಧರಾಮನೂ ಕೋಪದಿಂದಲೇ ಬರುತ್ತಾನೆ. ಆದರೆ ಅವನು ಕೋಪದಲ್ಲಿಯೇ ನಿಂತುಬಿಡುವುದಿಲ್ಲ. ಅಲ್ಲಮನ ಮಾತಿಗೆ ಎದುರು ಮಾತು ಬರುತ್ತದೆ, ಅದಕ್ಕೆ ಮತ್ತೊಂದು. ಕೆರೆ, ಗುಡಿ, ಪುಣ್ಯಗಳ ಬಗೆಗೆ ತಾನು ನಂಬಿದ್ದನ್ನೇ ಸಿದ್ಧರಾಮ ಮತ್ತೆ ನೋಡಬೇಕಾಗುತ್ತದೆ. ಕೊನೆಗೆ ಇಬ್ಬರೂ ಕಲ್ಯಾಣದ ಹಾದಿ ಹಿಡಿಯುತ್ತಾರೆ. ಒಂದೇ ಪದವನ್ನು ಕೇಳಿದ ಎರಡು ಬಗೆಯ ಕಿವಿಗಳು ಈ ಪ್ರಸಂಗದಲ್ಲಿವೆ. ಪರೀಕ್ಷೆಗೆಂದು ಇದನ್ನು ಓದುವಾಗ ಅಲ್ಲಮನ ಮಾತಿನ ಚಾತುರ್ಯಕ್ಕೆ ಅಡಿಗೆರೆ ಹಾಕುವುದು ವಾಡಿಕೆ. ಸಿದ್ಧರಾಮನು ಆಲಿಸಿದ ಪರಿಗೆ ಯಾರೂ ಗೆರೆ ಎಳೆಯುವುದಿಲ್ಲ.

ತರಗತಿಯ ಚರ್ಚೆಯಲ್ಲಿ ಇದನ್ನು ಚಿಕ್ಕದಾಗಿ ಅಭ್ಯಾಸ ಮಾಡಬಹುದು. ಗೆಳೆಯನೊಬ್ಬ ಗಡಿಯ ಬಗೆಗೋ ಭಾಷೆಯ ಬಗೆಗೋ ಒಪ್ಪಲಾಗದ ಮಾತನ್ನಾಡಿದಾಗ, ಉತ್ತರ ಕೊಡುವ ಮೊದಲು ಅವನು ಹೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಿ ‘ಹೀಗೆಂದೆಯಾ?’ ಎಂದು ಕೇಳುವುದು. ‘ಹೌದು’ ಎಂಬ ಉತ್ತರ ಮೊದಲ ಸಲವೇ ಬರುವುದು ಅಪರೂಪ.

ಹಳ್ಳಿಗೆ ಹೋದವರೂ ಹೊರಡುವ ಮುನ್ನ ಇದನ್ನೇ ಮಾಡಬೇಕು. ಬರೆದುಕೊಂಡದ್ದನ್ನು ಹೇಳಿದವರಿಗೆ ಗಟ್ಟಿಯಾಗಿ ಓದಿ ತೋರಿಸಬೇಕು. ಆಗ ಅವರು ನಗುತ್ತಾರೆ, ತಿದ್ದುತ್ತಾರೆ, ಬಿಟ್ಟುಹೋದ ಸಾಲನ್ನು ಸೇರಿಸುತ್ತಾರೆ. ತಮ್ಮ ಮಾತು ಹಾಳೆಯ ಮೇಲೆ ಹಾಗೆಯೇ ಬಂದಿದೆಯೆಂದು ತಿಳಿದಾಗ ‘ಶುದ್ಧ ಕನ್ನಡ ಬರಂಗಿಲ್ರಿ’ ಎಂದದ್ದನ್ನು ಮರೆಯುತ್ತಾರೆ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ‘ಹೋಗ್ತೀನಿ’ ಎಂದು ಹೇಳಿ ಹೊರಡುವ ರೂಢಿಯಿಲ್ಲ, ‘ಬರ್ತೀನ್ರಿ’ ಎನ್ನಬೇಕು. ಹಾಗೆಂದು ಹೇಳಿ ಬಂದವರು ಮುಂದಿನ ವಾರ ನಿಜವಾಗಿಯೂ ಹೋಗಬೇಕು. ನೆನಪಾಗಲಿಲ್ಲವೆಂದ ಹಾಡು ಅಷ್ಟರಲ್ಲಿ ಅವರಿಗೆ ನೆನಪಾಗಿರುತ್ತದೆ.